ಎರಡನೆಯ ಗೇರು ಮತ್ತು ಮೂಡಲಗಿಯ ಪೈಲವಾನ

ಯಾರಾದರೂ ನನ್ನನ್ನು ನೋಡಿ ನಕ್ಕರೆ ನನ್ನ ಕೈ ತಾನಾಗಿ ಕಿಸೆಯ ಮೇಲೆ ಹೋಗುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ಆದರೆ ಹೊಟ್ಟೆಪಾಡಿನಿಂದ ಬಂದ ಗುಣ. ಗೋಕಾಕದ ಜಕಾತಿ ನಾಕಾದಲ್ಲಿ ಕಾರಕೂನನಾಗಿ ಕೂತವನು ನಾನು. ಊರೊಳಗೆ ಬರುವ ಗಾಡಿಗಳನ್ನು ತಡೆದು, ಚೀಲಕ್ಕೆ ಸಲಾಕೆ ಚುಚ್ಚಿ, ಮೇಲೆ ಕಾಣುವ ಜೋಳದ ಕೆಳಗೆ ಬೇರೇನಾದರೂ ಮಲಗಿದೆಯೋ ಎಂದು ನೋಡುವುದೇ ನನ್ನ ಕೆಲಸ. ಮನೆಗೆ ಬಂದರೂ ಆ ಚಟ ಬಿಡಲಿಲ್ಲ. ತಾಟಿನಲ್ಲಿ ಉಪ್ಪಿಟ್ಟು ಹಾಕಿಕೊಟ್ಟರೆ ತಳದವರೆಗೆ ಕೆದಕಿ ನೋಡುತ್ತಿದ್ದೆ. "ಅದರಾಗೇನು ಜಕಾತಿ ಮಾಲು ಬಚ್ಚಿಟ್ಟೇನೇನ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳು ಹಾಗೆ ಕೇಳಿದ ದಿನ ಇನ್ನೂ ಸ್ವಲ್ಪ ಜಾಸ್ತಿಯೇ ಕೆದಕುತ್ತಿದ್ದೆ.

ಇಂಥವನು ಮೋಟಾರು ಕಟ್ಟಿ ಓಟದ ಶರ್ಯತ್ತಿಗೆ ಇಳಿದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದವು. ನಾವು ಕೂತ ಜಾಗ ಬಿಟ್ಟು ಏಳದೆಯೇ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿದ್ದೆವು. ಅದರ ಬಗ್ಗೆಯೂ ನನಗೆ ಬಹಳ ದಿನ ಸಂಶಯವಿತ್ತು.

ಮಮದಾಪುರದಲ್ಲಿ ನನ್ನ ಅಣ್ಣನ ದನದ ಕೊಟ್ಟಿಗೆಯೊಳಗೆ ಒಂದು ಮೋಟಾರು ಬಿದ್ದಿತ್ತು. ನಮ್ಮ ಅಪ್ಪ ಯಾವನೋ ಗುತ್ತೇದಾರನ ಮಾತಿಗೆ ಮರುಳಾಗಿ ತಂದಿದ್ದ ಹಳೆಯ ವಿಲಾಯತಿ ಗಾಡಿ. ತಂದ ಮೇಲೆ ಅದು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಅಣ್ಣನ ಕಣ್ಣು ಅದರ ಎಂಜಿನ್ನಿನ ಮೇಲಿತ್ತು. ಎತ್ತು ಕಟ್ಟಿ ನೀರೆತ್ತಿ ಬೇಸತ್ತಿದ್ದ ಅವನಿಗೆ ಅದನ್ನು ಬಿಚ್ಚಿ ಭಾವಿಯ ಪಂಪಿಗೆ ಕೂಡಿಸಿ, ಕಬ್ಬಿಗೆ ನೀರು ಬಿಡುವ ಆಸೆ. ನನಗೆ ಆ ಮೋಟಾರು ರಸ್ತೆಗೆ ಇಳಿಯುವುದನ್ನು ಒಮ್ಮೆ ನೋಡುವ ಆಸೆ. ನಾಕಾದಲ್ಲಿ ಕೂತು ಊರಿನವರ ಗಾಡಿಗಳನ್ನೆಲ್ಲ ನಿಲ್ಲಿಸಿದವನಿಗೆ ಒಂದು ಗಾಡಿಯನ್ನಾದರೂ ಓಡಿಸಬೇಕು ಅನ್ನಿಸುವುದು ತಪ್ಪೇ?

ಕೆಲಸಕ್ಕೆ ಹುಸೇನಸಾಬ ಮಿಸ್ತ್ರಿಯನ್ನು ಹಿಡಿದೆ. ಹಿಟ್ಟಿನ ಗಿರಣಿಯ ಎಂಜಿನ್ನಿನಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಯಾವುದನ್ನು ತೋರಿಸಿದರೂ "ಇದು ನನ್ನ ಎಡಗೈ ಕೆಲಸ" ಎನ್ನುವ ಮನುಷ್ಯ. ಬಲಗೈಯಿಂದ ಅವನು ಏನು ಮಾಡುತ್ತಾನೆಂಬುದು ಕೊನೆಗೂ ನನಗೆ ತಿಳಿಯಲಿಲ್ಲ. ಅವನು ಒಳ್ಳೆಯ ಸಾಮಾನು ಬದಲಿಸಿ ಕೆಟ್ಟದ್ದು ಕೂಡಿಸಿಯಾನೆಂದು ನಾನು ಪ್ರತಿಯೊಂದು ಬೋಲ್ಟಿಗೂ ಸುಣ್ಣದ ಬೊಟ್ಟು ಇಟ್ಟೆ. ಅವನಿಗೆ ಸಿಟ್ಟೇ ಬರಲಿಲ್ಲ.

"ಸಾಹೇಬ್ರ, ಈ ಸಾಮಾನ ಯಾರರ ಕದ್ದ ಒಯ್ದರ ಮರುದಿವಸ ತಾವ ತಂದ ಇಟ್ಟ ಹೋಗತಾರ. ನಿಶ್ಚಿಂತಿ ಇರ್ರಿ" ಎಂದ.

ತುಕ್ಕು ತಿಂದ ಮೈಯನ್ನು ಕಿತ್ತು ಒಗೆದೆವು. ಗಾಡಿ ಮಾಡುವ ಬಡಿಗೇರನಿಂದ ಜಾಲಿ ಹಲಗೆಯ ಪೆಟ್ಟಿಗೆ ಮಾಡಿಸಿ ಕೂಡಿಸಿದೆವು. ಸೀಟು ಮುರಿದ ಬಸ್ಸಿನದು. ಪೆಟ್ರೋಲಿಗೆ ಎಣ್ಣೆಯ ಡಬ್ಬಿ. ಬಾಗಿಲು ಇಲ್ಲವೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಆ ಮೋಟಾರು ಒಂದು ದಿನ ಕೆಮ್ಮಿತು, ಹೊಗೆ ಉಗುಳಿತು, ಓಡಿಯೇ ಬಿಟ್ಟಿತು! ಅಬ್ಬಾ, ಆ ದಿನದ ಸಂತೋಷ ಏನು ಹೇಳಲಿ. ಆದರೆ ಅದಕ್ಕೊಂದು ರೋಗವಿತ್ತು. ತಿರುವಿನಲ್ಲಿ ಎರಡನೆಯ ಗೇರು ನಿಲ್ಲುತ್ತಿರಲಿಲ್ಲ. ಖಟ್ ಎಂದು ಗೇರಿನ ಕೋಲು ಹಾರಿ ಹೊರಗೆ ಬರುತ್ತಿತ್ತು, ಎಂಜಿನ್ನು ಸುಮ್ಮನೆ ಅರಚುತ್ತಿತ್ತು, ಗಾಡಿ ನಿಂತಂತಾಗುತ್ತಿತ್ತು. ಮಿಸ್ತ್ರಿಯ ಎಡಗೈಗೂ ಅದು ಬಗ್ಗಲಿಲ್ಲ. ಕೊನೆಗೆ ಅವನು ನನ್ನ ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ಕೋಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೆಂದು ಆಯಿತು. ಇದು ನಮ್ಮಿಬ್ಬರ ನಡುವಿನ ಗುಟ್ಟು. ಅಣ್ಣನಿಗೂ ಹೇಳಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು, ಮೂಡಲಗಿಯ ಎಣ್ಣೆ ಗಾಣದ ಚನ್ನಪ್ಪನೂ ಇಂಥದ್ದೇ ಒಂದು ಗಾಡಿ ಕಟ್ಟಿದ್ದಾನೆ ಎಂದು. ಅವನು ಬೆಳಗಾವಿಯ ಕ್ಯಾಂಪಿನಲ್ಲಿ ಹಿಂದೆ ದಂಡಿನ ಬಿಳಿಯ ಸಾಹೇಬರು ಮೈದಾನದಲ್ಲಿ ಪೀಪಾಯಿ ನಿಲ್ಲಿಸಿ, ಅವುಗಳ ಸುತ್ತ ಮೋಟಾರು ಓಡಿಸುವುದನ್ನು ಕಂಡವನಂತೆ. ಒಬ್ಬೊಬ್ಬರೇ ಓಡಿಸುವುದು, ಗಡಿಯಾರ ಹಿಡಿದು ಯಾರು ಬೇಗ ಎಂದು ನೋಡುವುದು. ಹಾಗೆ ನಾವೂ ಓಡಿಸೋಣ ಎಂದು ಹೇಳಿ ಕಳಿಸಿದ. ಅಣ್ಣನ ಕಿವಿಗೆ ಇದು ಬಿದ್ದದ್ದೇ ತಡ, ನ್ಯಾಯ ಹೇಳಿಬಿಟ್ಟ.

"ಗೆದ್ದರ ಮೋಟಾರ ನಿಂದು, ತಮ್ಮಾ. ಸೋತರ ಎಂಜಿನ್ ಭಾವಿಗೆ. ಆಮ್ಯಾಲ ಅಳೂದು ಕರೆಯೂದು ನಡಿಯೂದಿಲ್ಲ."

ನನ್ನ ಕೈ ಕಿಸೆಯ ಮೇಲೆ ಹೋಯಿತು. ಆದರೂ ಹೂಂ ಎಂದೆ.

ನಿಯಮ ಮಾಡಲು ಎರಡೂ ಕಡೆಯವರು ಹುಕ್ಕೇರಿಯ ಒಂದು ಚಹಾದಂಗಡಿಯಲ್ಲಿ ಕೂಡಿದೆವು. ಗೋಕಾಕವೂ ಬೇಡ, ಮೂಡಲಗಿಯೂ ಬೇಡ, ಹುಕ್ಕೇರಿಯ ಹೊರಗಿನ ಮಡ್ಡಿಯ ಬಯಲು ಆಗಲಿ ಎಂಬುದು ಮೊದಲ ಕಪ್ಪಿಗೇ ಮುಗಿಯಿತು. ಉಳಿದದ್ದು ಮುಗಿಯಲಿಲ್ಲ. ನಮ್ಮ ಸೀಮೆಯ ಎತ್ತಿನ ಗಾಡಿಯ ಶರ್ಯತ್ತು ನೋಡಿದವರಿಗೆ ಗೊತ್ತು, ಅಲ್ಲಿ ಎತ್ತಿಗಿಂತ ಸಂಶಯ ಜೋರಾಗಿ ಓಡುತ್ತದೆ. ಎತ್ತಿಗೆ ಏನೋ ಕುಡಿಸಿದ್ದಾರೆ, ಮಂತ್ರಿಸಿದ ನಿಂಬೆಹಣ್ಣು ದಾಟಿಸಿದ್ದಾರೆ ಎಂದು ಓಟ ಶುರುವಾಗುವ ಮೊದಲೇ ಅರ್ಧ ಜಗಳ ಮುಗಿದಿರುತ್ತದೆ. ಒಬ್ಬೊಬ್ಬರೇ ಓಡಿಸುವಾಗ ಧೂಳಿನಲ್ಲಿ ಪೀಪಾಯಿ ಬಿಟ್ಟು ಒಳಗಿಂದೊಳಗೆ ತಿರುಗಿಸಿದರೆ ಯಾರು ನೋಡಿದರು ಎಂದು ಚನ್ನಪ್ಪ ಕೇಳಿದ. ಅದನ್ನೇ ನಾನು ಕೇಳಬೇಕೆಂದಿದ್ದೆ. ಕೊನೆಗೆ ಒಂದು ನಿಯಮ ಆಯಿತು: ಪ್ರತಿ ಗಾಡಿಯಲ್ಲಿ ಹೊಡೆಯುವವನ ಪಕ್ಕದಲ್ಲಿ ಎದುರಿನವರ ಕಡೆಯ ಒಬ್ಬ ಮನುಷ್ಯ ಸಾಕ್ಷಿಯಾಗಿ ಕೂರಬೇಕು. ಗಡಿಯಾರ ಎರಡು, ಕಡೆಗೊಂದು.

ಸಾಕ್ಷಿ ಎಂಬುದು ದೊಡ್ಡ ವಿಚಿತ್ರ. ನಮ್ಮ ಕಡೆ ಹೊಲದ ಬದುವಿನಲ್ಲಿ ಹಳೆಯ ಶಾಸನದ ಕಲ್ಲುಗಳಿವೆ, ನೋಡಿ. ರಾಜರು ಭೂಮಿ ದಾನ ಕೊಟ್ಟು, ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ ಚಂದ್ರರನ್ನು ಕೆತ್ತಿಸುತ್ತಿದ್ದರು. ಅವರಿರುವ ತನಕ ಈ ದಾನ ಇರಲಿ ಎಂದು ಬಲ್ಲವರು ಅರ್ಥ ಹೇಳುತ್ತಾರೆ. ನನ್ನ ಅರ್ಥ ಬೇರೆ. ಊರಿನವರನ್ನು ಸಾಕ್ಷಿಗೆ ಹಿಡಿದು ಸಾಕಾಗಿ, ರಾಜರು ಆಕಾಶಕ್ಕೆ ಕೈ ಹಾಕಿರಬೇಕು. ಸೂರ್ಯ ಚಂದ್ರರನ್ನು ಲಂಚ ಕೊಟ್ಟು ಒಳಗೆ ಹಾಕಿಕೊಳ್ಳಲು ಬರುವುದಿಲ್ಲವಲ್ಲ. ನಮಗೆ ಆ ಸೌಕರ್ಯ ಇರಲಿಲ್ಲ. ಸಾಕ್ಷಿಗೆ ಮನುಷ್ಯನೇ ಬೇಕಾಯಿತು.

ಮನುಷ್ಯ ಬೇಕು ಎಂದ ಮೇಲೆ ಎರಡೂ ಕಡೆಯವರಿಗೆ ಒಂದೇ ಬುದ್ಧಿ ಹೊಳೆಯಿತು. ಎದುರಿನ ಗಾಡಿಯಲ್ಲಿ ಕೂರುವವನು ಆದಷ್ಟು ಭಾರ ಇರಲಿ! ನಾವು ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಗುರುಸಿದ್ದಪ್ಪ ಕಾಕಾನನ್ನು ಆರಿಸಿದೆವು. ನಮ್ಮ ದೂರದ ಸಂಬಂಧಿ. ಕೂತರೆ ಏಳಲು ಇಬ್ಬರು ಬೇಕು. ನಾನು ಒಳಗೊಳಗೇ ನಗುತ್ತ ಮಡ್ಡಿಗೆ ಹೋದರೆ, ಚನ್ನಪ್ಪನ ಪಕ್ಕದಲ್ಲಿ ಪರಸಪ್ಪ ಪೈಲವಾನ ನಿಂತಿದ್ದ. ಮೂಡಲಗಿಯ ಗರಡಿಯಲ್ಲಿ ತಾಲೀಮು ಮಾಡಿದ ದೇಹ. ಅವನು ಬಂದು ನನ್ನ ಗಾಡಿಯಲ್ಲಿ ಕೂತ ಕೂಡಲೇ ಎಡಗಡೆಯ ಸ್ಪ್ರಿಂಗಿನ ಪಾಟಿ ನೆಲಕ್ಕೆ ಮುತ್ತಿಡುವಷ್ಟು ಬಾಗಿತು. ನಾನು ಹುಸೇನಸಾಬನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಭಾರದ ಚಿಂತೆಯಲ್ಲ. ಪಕ್ಕದ ಸೀಟಿನಲ್ಲಿ ವೈರಿಯ ಮನುಷ್ಯ ಕೂತರೆ ಎರಡನೆಯ ಗೇರನ್ನು ಹಿಡಿಯುವವರು ಯಾರು? ನಿಯಮ ಮಾಡುವ ಭರದಲ್ಲಿ ಅದನ್ನು ನಾವಿಬ್ಬರೂ ಮರೆತೇ ಬಿಟ್ಟಿದ್ದೆವು.

ಚನ್ನಪ್ಪ ಮೊದಲು ಓಡಿಸಿದ. ಮೂರು ಸುತ್ತು. ಧೂಳಿನಲ್ಲಿ ಗುರುಸಿದ್ದಪ್ಪ ಕಾಕಾನ ರುಮಾಲು ಮಾತ್ರ ಕಾಣುತ್ತಿತ್ತು. ಚೆನ್ನಾಗಿಯೇ ಓಡಿತು ಅನ್ನಿ.

ನನ್ನ ಸರದಿ. ಮೊದಲ ಪೀಪಾಯಿ ತಿರುಗಿಸಿದ್ದೇ ತಡ, ಖಟ್! ಕೋಲು ಹಾರಿತು. ಎರಡೂ ಕೈ ಸ್ಟೇರಿಂಗಿನ ಮೇಲಿವೆ, ಬಿಟ್ಟರೆ ಗಾಡಿ ಕಲ್ಲಿನ ಮೇಲೆ ಹೋಗುತ್ತದೆ. ಹೇಗೋ ಮತ್ತೆ ಗೇರು ಹಾಕಿದೆ. ಮುಂದಿನ ತಿರುವು, ಮತ್ತೆ ಖಟ್. ಕಣ್ಣ ಮುಂದೆ ಅಣ್ಣನ ಭಾವಿ ಬಂತು, ಅದರ ದಂಡೆಯ ಮೇಲೆ ನನ್ನ ಎಂಜಿನ್ನು ಡುಗುಡುಗು ಎನ್ನುವುದೂ ಕೇಳಿಸಿತು. ಆಗ ನೋಡುತ್ತೇನೆ, ಪೈಲವಾನನ ದಪ್ಪ ಕೈ ಕೋಲಿನ ಮೇಲೆ ಬಂದು ಕೂತಿದೆ.

"ಕೈ ತಗಿಯೋ!" ಎಂದು ಕೂಗಿದೆ. ಕಿತ್ತು ಹಾಕಲಿಕ್ಕೇ ಹಿಡಿದಿದ್ದಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

"ನೀವು ದಾರಿ ನೋಡ್ರಿ, ಸಾಹೇಬ್ರ. ಇದನ್ನ ನಾ ನೋಡ್ಕೋತೇನಿ" ಎಂದ ಅವನು.

ತಿರುವು ಬಂತು. ಕೋಲು ಮಿಸುಕಲಿಲ್ಲ. ಅಷ್ಟೇ ಅಲ್ಲ, ಗಾಡಿ ಒಂದು ಕಡೆ ಎದ್ದಾಗಲೆಲ್ಲ ಆ ಕಡೆಗೆ ಮೈ ಚೆಲ್ಲಿ ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿದ. ನನ್ನ ಗಾಡಿ ಹಾಗೆ ಓಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಮೂರನೆಯ ಸುತ್ತಿನಲ್ಲಿ ಅವನು ತೊಡೆ ತಟ್ಟಿ, "ಹೊಡೀರಿ ಸಾಹೇಬ್ರ, ಹೊಡೀರಿ! ಬಿಡಬ್ಯಾಡ್ರಿ!" ಎಂದು ಮಡ್ಡಿಯೆಲ್ಲ ಕೇಳುವಂತೆ ಕೂಗತೊಡಗಿದ. ಚನ್ನಪ್ಪ ನಿಂತಲ್ಲೇ ಕೈ ಎತ್ತಿ ಏನೋ ಬೈಯುತ್ತಿದ್ದ.

ಗಡಿಯಾರಗಳ ಕಥೆ ನೀವು ಊಹಿಸಿರಬೇಕು. ಮೂಡಲಗಿಯವರ ಗಡಿಯಾರ ಮೂಡಲಗಿಯ ಗಾಡಿ ಜೋರು ಎಂದಿತು. ನಮ್ಮದು ಅಣ್ಣನ ಕೈಯಲ್ಲಿತ್ತು. ಎಂಜಿನ್ನಿಗೆ ಕಾದು ಕೂತವನ ಕೈಯಲ್ಲಿ ಗಡಿಯಾರ ಕೊಟ್ಟೆನಲ್ಲ ಎಂದು ನಾನು ಒದ್ದಾಡುತ್ತಿದ್ದರೆ, ಅವನು ಅದನ್ನು ಕಿವಿಗೆ ಹಿಡಿದು, ಅಲುಗಾಡಿಸಿ, ಮತ್ತೆ ನೋಡಿ, "ನಮ್ಮದ ಜೋರ ಅಂತೈತಿ ಇದು. ನಾ ನಂಬೂದಿಲ್ಲ" ಎಂದ. ಸಂಶಯ ನಮ್ಮ ಮನೆತನದಲ್ಲೇ ಇದೆ.

ಹಾಗಾದರೆ ಸಾಕ್ಷಿಗಳನ್ನು ಕೇಳೋಣ ಎಂದಾಯಿತು. ಪೈಲವಾನ ಮುಂದೆ ಬಂದು, "ಗೋಕಾಕದ ಗಾಡಿನ ಜೋರ ಐತ್ರಿ" ಎಂದ. ಅವನ ಕಡೆಯವರೆಲ್ಲ ಹಾವು ತುಳಿದವರಂತೆ ಹೌಹಾರಿದರು. ನಾನು ಕುಣಿಯಬೇಕು ಎನ್ನುವಷ್ಟರಲ್ಲಿ ನಮ್ಮ ಗುರುಸಿದ್ದಪ್ಪ ಕಾಕಾ ರುಮಾಲಿನ ಧೂಳು ಕೊಡವುತ್ತ, "ಇಲ್ಲ ಇಲ್ಲ. ಮೂಡಲಗಿ ಗಾಡಿಗೆ ಸರಿ ಯಾವುದೂ ಇಲ್ಲ" ಎಂದುಬಿಟ್ಟ. ಏನು ತಿನ್ನಿಸಿದಿರಿ ಎಂದು ಅವರು ನಮ್ಮನ್ನು, ಏನು ಕುಡಿಸಿದಿರಿ ಎಂದು ನಾವು ಅವರನ್ನು ಕೇಳಿದೆವು. ಕೈ ಕೈ ಮಿಲಾಯಿಸುವುದೊಂದು ಬಾಕಿ ಇತ್ತು. ಪೈಲವಾನನಿಗೆ ಮಾತ್ರ ಈ ಗದ್ದಲ ಯಾಕೆಂದೇ ತಿಳಿಯಲಿಲ್ಲ. "ಗಾಡ್ಯಾಗ ಕೂತ ಮ್ಯಾಲ ಹಿಂದ ಬೀಳಾಕ ಮನಸ ಹ್ಯಾಂಗ ಬರತೈತ್ರಿ?" ಎಂದು ನನ್ನನ್ನೇ ಕೇಳಿದ.

ಅಣ್ಣ ಧೋತರ ಎತ್ತಿ ಕಟ್ಟಿದ. "ಎಲ್ಲಾರೂ ಸುಳ್ಳ ಹೇಳಾಕತ್ತೀರಿ. ನಾನ ಕೂತ ನೋಡತೇನಿ" ಎಂದು ನನ್ನ ಗಾಡಿ ಹತ್ತಿದ. ಪೈಲವಾನ ಬಗ್ಗಿ, ಯಾರಿಗೂ ಕೇಳದಂತೆ, "ಹಿರ್ಯಾರ, ತಿರುವಿನ್ಯಾಗ ಇದನ್ನ ಬಿಗಿಯಾಗಿ ಹಿಡೀರಿ" ಎಂದು ಕೋಲನ್ನು ಅಣ್ಣನ ಕೈಗೆ ಕೊಟ್ಟ. ಗುಟ್ಟು ಹೋಯಿತು, ಎಂಜಿನ್ನೂ ಹೋಯಿತು ಎಂದುಕೊಂಡು ಗಾಡಿ ಬಿಟ್ಟೆ. ಮೊದಲ ಸುತ್ತಿನಲ್ಲಿ ಅಣ್ಣ ಎರಡೂ ಕೈಯಿಂದ ಕೋಲಿಗೆ ಜೋತುಬಿದ್ದಿದ್ದ. ಎರಡನೆಯ ಸುತ್ತಿಗೆ ರುಮಾಲು ಹಾರಿ ಹೋಯಿತು, ಅವನು ತಿರುಗಿ ಸಹ ನೋಡಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಿಂದ ಜಾಲಿ ಹಲಗೆಯನ್ನು ಬಡಿಯುತ್ತ, ಎತ್ತು ಹೊಡೆಯುವಂತೆ "ಹೋ ಹೋ ಹೋ! ನಡಿ ನನ ಮಗನ!" ಎಂದು ಕೂಗುತ್ತಿದ್ದ. ಸಾಕೇ ಎಂದು ಕೇಳಿದರೆ, ಇನ್ನೊಂದು ಎಂದ.

ಇಳಿದ ಮೇಲೆ ಅವನು ರುಮಾಲು ಹುಡುಕಿ ತಂದು, ಕೊಡವಿ ಸುತ್ತಿಕೊಂಡು, ಎಲ್ಲೋ ನೋಡುತ್ತ ಹೇಳಿದ:

"ಇರಲಿ ಬಿಡು. ಭಾವಿ ಎಲ್ಲಿ ಓಡಿ ಹೋಗತೈತಿ?"

ಎಂಜಿನ್ನು ಭಾವಿಗೆ ಹೋಗಲಿಲ್ಲ. ಎತ್ತುಗಳು ಇನ್ನೂ ಕೆಲವು ವರ್ಷ ನೀರೆತ್ತಿದವು. ಅವುಗಳ ಎದುರು ನನಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಮೂಡಲಗಿಯವರು ನಮ್ಮ ಎರಡನೆಯ ಗೇರಿನ ಬಗ್ಗೆ ಚೇಷ್ಟೆ ಮಾಡುತ್ತಾರೆಂದು ನಾನು ವರ್ಷಗಟ್ಟಲೆ ಕಾದೆ. ಒಬ್ಬನೂ ಮಾಡಲಿಲ್ಲ. ಪೈಲವಾನ ತನ್ನ ಊರಿನವರಿಂದ ಅಷ್ಟು ಬೈಸಿಕೊಂಡರೂ ಬಾಯಿ ಬಿಟ್ಟಿರಲಿಲ್ಲ. ಇದರಲ್ಲೇನೋ ಮಸಲತ್ತು ಇದೆ ಎಂದು ನಾನು ಗುರುಸಿದ್ದಪ್ಪ ಕಾಕಾನನ್ನು ಹಿಡಿದು ಕೇಳಿದೆ: "ಕಾಕಾ, ಚನ್ನಪ್ಪನ ಗಾಡಿಗೂ ಏನರ ಒಂದ ರೋಗ ಇರಬೇಕಲಾ? ನೀ ನೋಡಿರತೀ. ಹೇಳು."

ಕಾಕಾ ಬೆಲ್ಲದ ಪೆಂಟೆಯ ಮೇಲಿನ ನೊಣ ಓಡಿಸುತ್ತ, "ಐತಿ. ಹೇಳಾಕ ಬರೂದಿಲ್ಲಪಾ. ನಾ ಅದರಾಗ ಕೂತೇನಿ" ಎಂದ. ಎಷ್ಟು ಗೋಗರೆದರೂ ಹೇಳಲಿಲ್ಲ.

ಅಂದು ಯಾರು ಗೆದ್ದರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಚನ್ನಪ್ಪ ಸಿಕ್ಕಾಗಲೆಲ್ಲ ಒಂದೇ ಮಾತು: "ನಮ್ಮ ಗಾಡ್ಯಾಗ ನೀವ ಒಂದ ಸುತ್ತ ಕೂಡ್ರಿ, ತಿಳೀತೈತಿ." ನಾನು ಒಮ್ಮೆ ಬೆನ್ನುನೋವು ಎಂದೆ, ಒಮ್ಮೆ ನಾಕಾದಲ್ಲಿ ಕೆಲಸವಿದೆ ಎಂದೆ. ಅವನು ದಾರಿಯಲ್ಲಿ ನನ್ನನ್ನು ಬೀಳಿಸಿಯಾನೆಂಬ ಹೆದರಿಕೆ ಎಂದು ಹೆಂಡತಿ ತಿಳಿದಿದ್ದಾಳೆ. ತಿಳಿದುಕೊಳ್ಳಲಿ. ಚನ್ನಪ್ಪನ ಮೇಲೆ ನನಗೆ ಈಗ ಅಷ್ಟೇನೂ ಸಂಶಯವಿಲ್ಲ. ಸಂಶಯವಿರುವುದು ನನ್ನ ಮೇಲೆ. ಕೂತು, ಎರಡನೆಯ ತಿರುವು ದಾಟುವಷ್ಟರಲ್ಲಿ ನಾನೂ ಹಲಗೆ ಬಡಿದು ಅವನ ಗಾಡಿಗೆ "ಹೊಡಿ, ಹೊಡಿ!" ಎಂದುಬಿಟ್ಟರೆ?