ಕಲ್ಲಿನ ಮೇಲಿದ್ದ ಕೊಕ್ಕರೆ

"ನಿಲ್ಲಿಸಿ, ಕಾಕಾ!" ಎಂದು ಹಮೀದ್ ಕಾಕಾರ ಕೈ ಹಿಡಿದೆ. ಬೋಳಾರದ ಅವರ ಹಳೆಯ ಪ್ರೆಸ್ಸಿಗೆ ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಅಚ್ಚು ಹಾಕುವುದನ್ನು, ಕಲಿಯಲು ಹೋಗಿದ್ದೆ. ಅಲ್ಲಿ ಉಳಿದಿದ್ದದ್ದು ಒಂದೇ ಕಲ್ಲು. ಅದರ ಮೇಲೆ, ಒಂದು ಕಾಲಕ್ಕೆ ಅಂಗಡಿ ಅಂಗಡಿಯಲ್ಲೂ ಕಾಣುತ್ತಿದ್ದ ಬೀಡಿ ಲೇಬಲ್ಲಿಗೆ ಪ್ರಾಯದಲ್ಲಿ ಅವರೇ ಬರೆದ, ಕೆಲವೇ ಗೆರೆಗಳ ಕೊಕ್ಕರೆ. ನನಗೆ ಜಾಗ ಮಾಡಲೆಂದು ಮರಳು, ನೀರು ಹಾಕಿ ಅದನ್ನೇ ಉಜ್ಜುತ್ತಿದ್ದರು. ಕಾಲುಗಳು ಆಗಲೇ ಹೋಗಿದ್ದವು.

"ನನಗೆ ಕಲಿಯುವುದೇ ಬೇಡ, ಇದು ಇರಲಿ."

"ಎಂತ ಮಾರಾಯ, ಅಳಿಸದೆ ನೀನು ಬರೆಯುವುದು ಎಲ್ಲಿ? ಇದರಲ್ಲಿ ಮೊದಲು ನನ್ನ ಉಸ್ತಾದರ ಚಿತ್ರ ಇತ್ತು. ಅದನ್ನು ಉಜ್ಜಿದ್ದು ನಾನೇ. ತಲೆ ನೀನು ಉಜ್ಜು."

ಉಜ್ಜಿದೆ.

ಇದನ್ನೆಲ್ಲ ಬರೆಯುತ್ತಾ, ಉಜ್ಜುವಾಗ ಕೊಕ್ಕರೆ ನನ್ನನ್ನೇ ನೋಡುತ್ತಿತ್ತು ಎಂದು ಸೇರಿಸಹೊರಟು ತಡೆದೆ. ಅದಕ್ಕೆ ಕಣ್ಣಿತ್ತೇ ಎಂಬುದೂ ಈಗ ಖಚಿತವಿಲ್ಲ. ಅಳಿಸಿದ ಕೈ ನನ್ನದು, ಅದೊಂದು ಖಚಿತ.