ಯಾವ ಠಾಣೆಯಲ್ಲಾದರೂ

ನನ್ನ ತವರಿನ ಪಕ್ಕದ ಮನೆಯ ಅಕ್ಕ ಅಕ್ಕಿಆಲೂರಿನ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ಮಾತಾಡುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಲೇ ಇರುತ್ತಿದ್ದಳು. ಯಾರ ಕಷ್ಟ ಕೇಳಿದರೂ, "ನಡಿ, ಹೋಗಿ ಕೇಳೂಣು," ಎನ್ನುವುದು ಅವಳ ರೂಢಿ.

ಹಿರೇಕೆರೂರಿನಲ್ಲಿ ಗಂಡ ಹೊಡೆದ ಮರುದಿನ ನಾನು ಬಾತ ಮುಖದಲ್ಲಿ ತವರಿಗೆ ಬಂದಾಗಲೂ ಅದನ್ನೇ ಅಂದಳು. ಅವ್ವ ಬೇಡವೆಂದರೂ ನನ್ನನ್ನು ಹತ್ತಿರದ ಪೊಲೀಸ್ ಠಾಣೆಗೆ ಕರೆದೊಯ್ದಳು.

"ಹೊಡದದ್ದು ಹಿರೇಕೆರೂರಾಗ. ಅಲ್ಲೇ ಹೋಗಿ ಕಂಪ್ಲೇಂಟ್ ಕೊಡ್ರಿ," ಎಂದರು ಅಲ್ಲಿದ್ದ ಪೊಲೀಸರೊಬ್ಬರು. ನಾನು ಬಾಗಿಲ ಕಡೆ ತಿರುಗಿದೆ. ಅಕ್ಕ ನನ್ನ ರಟ್ಟೆ ಹಿಡಿದಳು.

"ಹೊಡದವ ಅಲ್ಲೇ ಅದಾನ್ರಿ. ಈಗ ಹೊಸ ಕಾಯ್ದೆ ಬಂದೈತಿ, ಯಾವ ಠಾಣ್ಯಾಗಾದ್ರೂ ಬರಕೋಬೇಕಂತ. ನೀವ ಬರಕೊಂಡು ಅಲ್ಲಿಗೆ ಕಳಸ್ರಿ."

ಅವರು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದರು. ಅಷ್ಟು ಹೊತ್ತೂ ಅಕ್ಕನ ಬೆರಳು ಸೆರಗನ್ನು ಬಿಡಲಿಲ್ಲ.

"ಕುಂಡ್ರವ್ವಾ, ಏನಾತು ಹೇಳು," ಎಂದು ಅವರು ಕುರ್ಚಿ ಎಳೆದರು.

ಎಫ್‌ಐಆರ್ ಪ್ರತಿ ಹಿಡಿದು ಹೊರಗೆ ಬಂದ ಮೇಲೆ ಕೇಳಿದೆ, "ಅಕ್ಕಾ, ಈ ಕಾಯ್ದೆ ನಿನಗ ಹೆಂಗ ಗೊತ್ತಿತ್ತು?"

"ಹೆಣ್ಮಕ್ಕಳ ಸಂಘದ ಮೀಟಿಂಗಿನ್ಯಾಗ ಯಾರೋ ಹೇಳಿದ್ರು. ಖರೇ ಹೌದೋ ಅಲ್ಲೋ ಅಂತ ನನಗೂ ಅಂಜಿಕಿ ಇತ್ತು."

ಆಮೇಲೆ ಅಕ್ಕ ತನ್ನ ಮಗಳ ಊರಾದ ಹುಲಗೂರಿಗೆ ಹೋಗಿಬಿಟ್ಟಳು. ಪ್ರಕರಣ ಹಿರೇಕೆರೂರಿನ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ವಿಚಾರಣೆಯ ದಿನ ಅಂಜಿಕೆ ಇದ್ದೇ ಇರುತ್ತದೆ. ಆದರೂ ಹಿರೇಕೆರೂರಿನ ಬಸ್ಸನ್ನು ನಾನೊಬ್ಬಳೇ ಹತ್ತುತ್ತೇನೆ.