ಕಡವಿನ ಮಾವನ ಕೆಂಪು ಬೈರಾಸು

ಮೊನ್ನೆ ಕಬಕದ ಬಟ್ಟೆ ಅಂಗಡಿಗೆ ಅಣ್ಣನ ಮಗಳಿಗೆ ಮೈ ಒರೆಸುವ ಬೈರಾಸೊಂದು ತರಲು ಹೋಗಿದ್ದೆ. ಅಂಗಡಿಯವರು ಹೂವಿನದ್ದು, ಗೆರೆಯದ್ದು ಎಲ್ಲ ಹರವಿದರು. ನನ್ನ ಕೈ ಮಾತ್ರ ಮೂಲೆಯಲ್ಲಿದ್ದ ಅಚ್ಚ ಕೆಂಪಿನ ಮೇಲೆಯೇ ಹೋಯಿತು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಡವಿನ ಮಾವ ಕಣ್ಣ ಮುಂದೆ ಬಂದು ನಿಂತರು…

ಮಾವ ಎಂದರೆ ನೆಂಟರೇನಲ್ಲ. ರಾಮಕುಂಜದ ಕಡೆ ನಮ್ಮ ಮನೆಯ ಕೆಳಗೆ ಹೊಳೆ. ಅಲ್ಲಿನ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ದೋಣಿ ಅವರದ್ದು. ಆಗ ಸೇತುವೆ ಇರಲಿಲ್ಲ. ನಾನು ಪುತ್ತೂರಿನ ಕಾಲೇಜಿಗೆ ಹೋಗಬೇಕಾದರೂ, ಅಮ್ಮ ತವರಿಗೆ ಹೋಗಬೇಕಾದರೂ ಅವರ ಹುಟ್ಟು ನೀರಿಗೆ ಬೀಳಬೇಕಿತ್ತು. ಅವರು ಹಿಂದೆ ನಿಂತು ಹುಟ್ಟು ಹಾಕುತ್ತಿದ್ದರು, ನಾವು ಮುಂದೆ ಕೊಡೆ, ಚೀಲ, ಕೆಲವೊಮ್ಮೆ ಕೋಳಿ ಹಿಡಿದು ಕೂರುತ್ತಿದ್ದೆವು. ಮಾತು ಕಡಿಮೆ, ವೀಳ್ಯ ಜಾಸ್ತಿ.

ಮಳೆಗಾಲದ ಮೊದಲ ಕೆಂಪು ನೀರು ಬಂತೆಂದರೆ ಹೊಳೆ ಬದಿಯವರಿಗೆಲ್ಲ ಒಂದು ಮರುಳು. ಮೇಲಿನ ತೋಟಗಳಿಂದ ತೆಂಗಿನಕಾಯಿ ತೇಲಿ ಬರುತ್ತಿದ್ದವು. ಮನೆಯಲ್ಲಿ ಕಾಯಿ ರಾಶಿ ಬಿದ್ದಿದ್ದರೂ ಹೊಳೆಯ ಕಾಯಿ ಹಿಡಿಯದಿದ್ದರೆ ಸಮಾಧಾನವಿಲ್ಲ. ಅಣ್ಣ ಈಜಿ ಹಿಡಿಯುತ್ತಿದ್ದ, ಮಾವ ದೋಣಿ ತಿರುಗಿಸಿ ಹಿಡಿಯುತ್ತಿದ್ದರು. ಇಬ್ಬರಿಗೂ ಒಳಗೊಳಗೇ ಪೈಪೋಟಿ.

ಆ ದಿನ ನಾನೂ ದೋಣಿಯಲ್ಲಿದ್ದೆ. ಸಣ್ಣಗೆ ಮಳೆ. ದೂರದಲ್ಲಿ ಕಪ್ಪಗೆ ಏನೋ ಏಳುತ್ತಾ ಮುಳುಗುತ್ತಾ ಬರುತ್ತಿತ್ತು. ಮಾವ ದೋಣಿಯನ್ನು ಅತ್ತ ತಿರುಗಿಸಿ ಜೋರಾಗಿ ಹುಟ್ಟು ಹಾಕಿದರು. ಹತ್ತಿರವಾಗುತ್ತಿದ್ದಂತೆ, ಮಳೆಗೆ ಮುಂದಕ್ಕೆ ಬಗ್ಗಿಸಿದ್ದ ನಮ್ಮ ಕೊಡೆಗಳ ಮರೆಯಲ್ಲಿ ನಮಗೂ ಅವರಿಗೂ ಅದು ಕಾಣದಾಯಿತು. ಧಡ್ ಎಂದು ಸದ್ದು…

ಅದು ಅಣ್ಣನ ತಲೆಯಾಗಿತ್ತು. ನಮಗೆ ಬೆನ್ನು ಹಾಕಿ ನಿಜವಾದ ಕಾಯಿಯೊಂದರ ಹಿಂದೆ ಈಜುತ್ತಿದ್ದವನ ಭುಜಕ್ಕೆ ದೋಣಿಯ ಮೂತಿ ಬಡಿದಿತ್ತು. ಅವನು ಮುಳುಗಿದ. ಮಾವ ಹುಟ್ಟನ್ನು ಪಕ್ಕದವರ ಕೈಗೆ ಕೊಟ್ಟು ಹಾರಿಯೇ ಬಿಟ್ಟರು. ಅಣ್ಣನನ್ನು ದಡಕ್ಕೆ ತಂದು ಮಲಗಿಸಿ, ಅವನು ಕಣ್ಣು ಬಿಟ್ಟ ಮೇಲೂ ಅವರು ಒಂದೇ ಮಾತು ಹೇಳುತ್ತಿದ್ದರು.

“ಕಾಯಿ ಅಂತ ಎಣಿಸಿದೆ ಮಾರಾಯ… ಕಾಯಿ ಅಂತ.”

ಅಣ್ಣನ ಭುಜದ ಮೂಳೆ ಮುರಿದಿತ್ತು. ಒಂದು ಕಾಯಿಗೋಸ್ಕರ ಇಬ್ಬರು ಗಂಡಸರು ಇಷ್ಟು ಮಾಡಿಕೊಂಡರಲ್ಲ ಎಂದು ಅಮ್ಮ ಗೊಣಗಿದಳು, ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಮಾವ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿಬಿಟ್ಟರು. ಊರಿನ ಹಿರಿಯರು ಹೋಗಿ ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಣ್ಣ, ಕೈಯ ಪಟ್ಟಿ ಇನ್ನೂ ಬಿಚ್ಚದವನು, ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದ.

“ನೀವು ಹೀಗೆ ಕೂತರೆ ನಾನು ಸತ್ತ ಹಾಗೇ ಆಗುದಲ್ಲ ಮಾವ. ನಾನು ಇದ್ದೇನಲ್ಲ ಇಲ್ಲಿ,” ಎಂದ.

ಮಾವ ಅವನ ಪಟ್ಟಿಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಮರುದಿನ ಪೇಟೆಗೆ ಹೋಗಿ ಕೆಂಪು ಬೈರಾಸುಗಳ ಒಂದು ಕಟ್ಟು ತಂದು ಕಡವಿನ ಹೊಂಗೆ ಮರಕ್ಕೆ ತೂಗುಹಾಕಿದರು. ಯಾರೇ ನೀರಿಗಿಳಿಯಲಿ, ತಲೆಗೆ ಅದನ್ನು ಕಟ್ಟಿಕೊಳ್ಳಬೇಕು. ದೋಣಿಯ ಮುಂದೆ ಕೂತವರು ಮಳೆ ಬಂದರೂ ಕೊಡೆ ಬಿಡಿಸಬಾರದು, ನೀರು ನೋಡುತ್ತಾ ತಲೆ ಕಂಡರೆ ಕೂಗಬೇಕು. ಒದ್ದೆಯಾಗಿ ಕಾಲೇಜಿಗೆ ಹೋಗುವ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕಾಯಿಗಳು ದೋಣಿಯ ಪಕ್ಕದಲ್ಲೇ ತೇಲಿ ಹೋದರೂ ಮಾವ ಮತ್ತೆಂದೂ ಕೈ ಚಾಚಲಿಲ್ಲ.

ಇನ್ನೊಂದು ಕ್ರಮವೂ ಸೇರಿಕೊಂಡಿತು. ಪ್ರತಿ ವರ್ಷ ಮಳೆಗೆ ಮೊದಲು ಅಣ್ಣ ಆಚೆ ದಡಕ್ಕೆ ಈಜಿ ಹೋಗಿ ಕೆಂಪು ಬೈರಾಸು ಎತ್ತಿ ಹಿಡಿಯಬೇಕು. ಈಚೆ ದಡದಲ್ಲಿ ನಿಂತ ಮಾವನಿಗೆ ಅದು ಕಂಡರೆ ಮಾತ್ರ ಆ ವರ್ಷ ದೋಣಿ.

ಒಂದು ವರ್ಷ ನಾನು ಗಂಡನ ಮನೆಯಿಂದ ಬಂದವಳು ಈಚೆ ದಡದಲ್ಲಿ ಮಾವನ ಪಕ್ಕ ನಿಂತಿದ್ದೆ. ಅಣ್ಣ ಆಚೆ ತಲುಪಿ ಬೈರಾಸು ಎತ್ತಿ ಬೀಸುತ್ತಿದ್ದ. ಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದರು.

“ಅವನು ಇನ್ನೂ ಮುಟ್ಟಲಿಲ್ಲವಾ ಮಗಾ?” ಎಂದು ಕೇಳಿದರು.

ಆಚೆ ನಿಂತು ಬೈರಾಸು ಬೀಸುತ್ತಿದ್ದಾನಲ್ಲ ಮಾವ ಎಂದೆ. ಅವರು ದೋಣಿಯೊಳಗಿನ ಹುಟ್ಟನ್ನು ತೆಗೆದು ಹೆಗಲ ಮೇಲಿಟ್ಟುಕೊಂಡು ಮನೆಯ ದಾರಿ ಹಿಡಿದರು. ಅಷ್ಟೇ… ಆ ಮೇಲೆ ದೋಣಿ ನೀರು ಕಾಣಲಿಲ್ಲ.

ಈಗ ಸೇತುವೆ ಇದೆ. ಮಾವ ಹೋಗಿಯೂ ವರ್ಷಗಳಾದವು. ತಂದ ಬೈರಾಸನ್ನು ನಿನ್ನೆ ಹೊಳೆಬದಿಯಲ್ಲಿ ಅಣ್ಣನ ಕೈಗೆ ಕೊಟ್ಟೆ. ಅವನು ಅದನ್ನು ಮಗಳ ತಲೆಗೆ ಬಿಗಿಯಾಗಿ ಕಟ್ಟಿದ. ಇಲ್ಲಿ ಈಗ ದೋಣಿಯೇ ಇಲ್ಲವಲ್ಲ ಅಪ್ಪ ಎಂದು ನಗುತ್ತಾ ಅವಳು ಆಚೆ ದಡಕ್ಕೆ ಈಜಿದಳು. ಅಲ್ಲಿ ತಲುಪಿ, ತಲೆಯಿಂದ ಬಿಚ್ಚಿ ನಮ್ಮತ್ತ ಬೀಸಿದಳು.

ಕೆಂಪು ಚೆನ್ನಾಗಿಯೇ ಕಂಡಿತು. ಅಣ್ಣ ಮಾತ್ರ ಅದನ್ನು ನೋಡದೆ, ಪಕ್ಕದಲ್ಲಿ ಮಾವ ನಿಲ್ಲುತ್ತಿದ್ದ ಜಾಗವನ್ನು ನೋಡುತ್ತಿದ್ದ.